ಮೆಷಿನ್ ಆಮೇಲೆ, ಮೊದಲು ನೆಲ ಮತ್ತು ನೀರು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಹೈಡ್ರಾಲಿಕ್ ಟೇಬಲ್, ಕೂದಲು ಕತ್ತರಿಸುವ ಎರಡು ಕ್ಲಿಪ್ಪರ್, ಮೈ ಒಣಗಿಸುವ ಬ್ಲೋವರ್, ಸ್ಟೀಲ್ ಟಬ್, ಬಂದವರು ಕೂರಲು ಸೋಫಾ, ಹೊರಗೆ ಎಲ್‌ಇಡಿ ಬೋರ್ಡ್. ಬಳ್ಳಾರಿಗೇ ವಾಪಸ್ ಬಂದು ನಾಯಿ, ಬೆಕ್ಕಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಸ್ವಂತ ಅಂಗಡಿ ಹಾಕುತ್ತೀ ಅಂದಾಗಿನಿಂದ ನನಗೂ ನಿಮ್ಮವ್ವನಿಗೂ ಬೇರೆ ಮಾತೇ ಇಲ್ಲ. ನಾಯಿಗೆ ಸ್ನಾನ ಮಾಡಿಸೋದಕ್ಕೂ ಓದಬೇಕಾ ಅಂತ ನೆಂಟರು ಕೇಳುತ್ತಾರೆ. ಹೌದು, ಓದಬೇಕು, ನನ್ನ ಮಗಳು ಓದಿದ್ದಾಳೆ ಅಂತ ಹೇಳುತ್ತೇನೆ.

ಪಟ್ಟಿಯಲ್ಲಿ ಬೇಡದ್ದು ಯಾವುದೂ ಇಲ್ಲ. ಆದರೆ ಅದರ ಕ್ರಮ ನನಗೆ ಸರಿಬರಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಮೇಸ್ತ್ರಿ ಕೆಲಸ ಶುರುಮಾಡುವ ಮೊದಲು ಪೂರ್ತಿ ಓದು.

ಇಲ್ಲಿಯ ಜೀನ್ಸ್ ಯೂನಿಟ್‌ಗಳಿಗೆ ವೈರಿಂಗ್ ಮಾಡುತ್ತಲೇ ನನ್ನ ತಲೆ ನರೆತಿದೆ. ಹೊಸದಾಗಿ ಅಂಗಡಿ ಹಾಕುವವರು ಕಣ್ಣಿಗೆ ಕಾಣುವುದಕ್ಕೆ ಮೊದಲು ದುಡ್ಡು ಸುರಿಯುತ್ತಾರೆ. ಗೋಡೆಯೊಳಗೆ, ನೆಲದಡಿ ಹೋಗುವುದಕ್ಕೆ ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಎರಡನೇ ಕ್ಲಿಪ್ಪರ್ ನಾಲ್ಕು ತಿಂಗಳು ಬಿಟ್ಟು ತಗೋಬಹುದು. ಗಾಂಧಿನಗರದ ಆ ಮಳಿಗೆಯ ನೆಲವನ್ನು ಮತ್ತೊಮ್ಮೆ ಒಡೆಯುವುದು ಆಗದ ಮಾತು. ಹಾಗಾಗಿ ಮೊದಲ ದುಡ್ಡು ನೆಲ, ನೀರು, ಕರೆಂಟಿಗೆ. ಬೋರ್ಡು, ಸೋಫಾ ಕೊನೆಗೆ.

ಮಳಿಗೆಯಲ್ಲಿ ಈಗ ಇರುವುದು ಕಡಪ ಕಲ್ಲು. ಬೇಸಿಗೆಗೆ ತಂಪು, ನಿಜ. ಆದರೆ ತಿಕ್ಕಿ ತಿಕ್ಕಿ ನುಣುಪಾದ ಕಡಪದ ಮೇಲೆ ಶಾಂಪೂ ನೀರು ಬಿದ್ದರೆ ಮನುಷ್ಯರೇ ನಿಲ್ಲಲಾರರು. ಒಂದು ಸಲ ಕಾಲು ಜಾರಿದ ನಾಯಿ ಮುಂದಿನ ಸಲ ಬಾಗಿಲಲ್ಲೇ ಕೂತುಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕಲ್ಲು ಕಲ್ಲಿನ ನಡುವಿನ ಸಂದು. ಉಣ್ಣಿಗೆ ಅದೇ ಮನೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಉದುರಿ, ಇಂಥ ಬಿರುಕು ಹುಡುಕಿಕೊಂಡು ಹೋಗಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಒಂದು ನಾಯಿ ತಂದ ಉಣ್ಣಿ ಹೀಗೆ ಎಷ್ಟೋ ದಿನ ಕಳೆದ ಮೇಲೆ ಇನ್ನೊಂದು ನಾಯಿಗೆ ಹತ್ತುತ್ತದೆ. ಜೊತೆಗೆ ಜ್ವರವನ್ನೂ ತರುತ್ತದೆ. ನಮ್ಮ ನಾಯಿಗೆ ಆ ಅಂಗಡಿಯಿಂದಲೇ ಉಣ್ಣಿ ಬಂತು ಅಂತ ಒಬ್ಬರು ಹೇಳಿದರೆ ಸಾಕಲ್ವಾ, ಊರೆಲ್ಲ ಹರಡುತ್ತದೆ.

ಅದಕ್ಕೆ ಕಲ್ಲಿನ ಮೇಲೆ ಜಾರದ ಟೈಲ್ಸ್ ಹಾಕಿಸು. ಸಂದಿಗೆ ಬಿಳಿ ಸಿಮೆಂಟ್ ಬೇಡ, ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಿಸು. ದುಬಾರಿ ಆದರೂ ಬಿರುಕು ಬಿಡುವುದಿಲ್ಲ, ನೀರು ಹೀರುವುದಿಲ್ಲ. ಗೋಡೆಗೂ 4 ಅಡಿ ಎತ್ತರದವರೆಗೆ ಟೈಲ್ಸ್ ಇರಲಿ. ಟಬ್ ಕಡೆ ನೆಲಕ್ಕೆ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಕೊಡಿಸು. ಒಂದು ಚೊಂಬು ನೀರು ಸುರಿದು, ಅದು ಎಲ್ಲೂ ನಿಲ್ಲದೆ ಹರಿದುಹೋಗುವುದನ್ನು ನೋಡಿಯೇ ಮೇಸ್ತ್ರಿಗೆ ಕೂಲಿ ಕೊಡು. ಕೂದಲು ಹಿಡಿಯಲು ಟಬ್‌ನ ಬಾಯಿಗೆ ಒಂದು ಜಾಲರಿ, ಹೊರಗಿನ ಚೇಂಬರ್‌ಗೆ ಇನ್ನೊಂದು. ಒಳಗಿನದನ್ನು ಪ್ರತಿ ಸ್ನಾನ ಆದಮೇಲೆ ತೆಗೆದು ಕೊಡವಬೇಕು.

ನೀರಿನ ವಿಷಯ ಬಳ್ಳಾರಿಯಲ್ಲಿ ಹುಟ್ಟಿದವಳಿಗೆ ಹೇಳಬೇಕಿಲ್ಲ. ನಲ್ಲಿ ನೀರು ದಿನಾ ಬರುವುದಿಲ್ಲ, ಬೋರ್ ನೀರು ಗಡಸು. ಗಡಸು ನೀರಿಗೆ ಶಾಂಪೂ ಸರಿಯಾಗಿ ನೊರೆ ಬರುವುದಿಲ್ಲ. ನೊರೆ ಬರಲಿಲ್ಲ ಅಂತ ಜಾಸ್ತಿ ಹಾಕುತ್ತೇವೆ. ಹಾಕಿದ್ದು ಪೂರ್ತಿ ಹೋಗುವುದಿಲ್ಲ. ಕೂದಲ ಬುಡದಲ್ಲಿ ಉಳಿದ ಶಾಂಪೂ ಒಣಗಿ, ಮನೆಗೆ ಹೋದ ನಾಯಿ ಕೆರೆದುಕೊಳ್ಳಲು ಶುರುಮಾಡುತ್ತದೆ. ಎರಡು ಟ್ಯಾಂಕ್ ಇಡೋಣ. 500 ಲೀಟರಿನದ್ದು ಬರೀ ನಲ್ಲಿ ನೀರಿಗೆ, ಅದು ಮೈ ತೊಳೆಯಲು ಮಾತ್ರ. ನೆಲ ತೊಳೆಯಲು, ಬಟ್ಟೆ ಒಗೆಯಲು ಬೋರ್ ನೀರು. ಎರಡು ಲೈನ್ ಎಳೆಯಲು ಪ್ಲಂಬರ್ ಗೊಣಗುತ್ತಾನೆ, ಗೊಣಗಲಿ.

ಇನ್ನೊಂದು. ನೀನು ಕಲಿತದ್ದು ಬೆಂಗಳೂರಿನ ಹವೆಯಲ್ಲಿ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮಹಡಿಯ ಮೇಲಿನ ಕಪ್ಪು ಟ್ಯಾಂಕಿನ ನೀರು ಗೀಸರ್ ಇಲ್ಲದೆಯೇ ಸುಡುತ್ತದೆ. ಟ್ಯಾಂಕಿಗೆ ಚಪ್ಪರ ಹಾಕಿಸುತ್ತೇನೆ. ಆದರೂ ಶವರ್ ನಾಯಿಯ ಮೈಗೆ ಹಿಡಿಯುವ ಮೊದಲು ನಿನ್ನ ಮಣಿಕಟ್ಟಿನ ಒಳಭಾಗಕ್ಕೆ ಹಿಡಿದು ನೋಡು. ಬಿಸಿ, ತಣ್ಣೀರು ಬೆರೆಸಿ ಒಂದೇ ಹದದಲ್ಲಿ ಕೊಡುವ ಮಿಕ್ಸರ್ ಸಿಗುತ್ತದೆ, ಅದನ್ನು ಪಟ್ಟಿಗೆ ಸೇರಿಸು.

ಕರೆಂಟಿನ ವಿಷಯದಲ್ಲಿ ಮಾತ್ರ ನಾನು ಹೇಳಿದ ಹಾಗೆ ಆಗಬೇಕು ತಾಯಿ. ಗೀಸರ್ 3000 ವ್ಯಾಟ್ ಅಂದರೆ 13 ಆಂಪಿಯರ್. ನೀನು ಹೇಳಿದ ಬ್ಲೋವರ್ 2400 ವ್ಯಾಟ್, ಅದು 10 ದಾಟುತ್ತದೆ. ಎಸಿ ಸೇರಿಸಿದರೆ ಒಟ್ಟು 30ರ ಸುತ್ತಮುತ್ತ. ಮಳಿಗೆಯ ಮೀಟರ್ ಒಂದು ಫ್ಯಾನು, ಎರಡು ಲೈಟಿಗೆ ತಗೊಂಡದ್ದು. ಜೆಸ್ಕಾಂನಲ್ಲಿ ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕು, ಮಾಲೀಕರ ಒಪ್ಪಿಗೆ ಬೇಕು. ಬಾಡಿಗೆ ಕರಾರು ಬರೆಯುವಾಗಲೇ ಆ ಮಾತು ಆಡಿಬಿಡು. ಗೀಸರ್, ಬ್ಲೋವರ್, ಎಸಿ ಮೂರಕ್ಕೂ ಬೇರೆ ಬೇರೆ ಲೈನು, ಬೇರೆ ಬೇರೆ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್ಚು), 4 ಸ್ಕ್ವೇರ್ ಎಂಎಂ ತಾಮ್ರದ ವೈರು.

ಇದಕ್ಕೆಲ್ಲ ಮೇಲೆ, ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಎಂಸಿಬಿ ಇದ್ದರೆ ಸಾಕು ಅಂತ ಎಷ್ಟೋ ಜನ ತಿಳಿದಿದ್ದಾರೆ. ಎಂಸಿಬಿ ನೋಡುವುದು ಲೋಡ್ ಜಾಸ್ತಿ ಆಯಿತಾ, ಶಾರ್ಟ್ ಆಯಿತಾ ಅಂತ ಮಾತ್ರ. ಮೈ ಮೂಲಕ ನೆಲಕ್ಕೆ ಹೋಗುವ ಕರೆಂಟು ಅದಕ್ಕೆ ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟನ್ನೂ ವಾಪಸ್ ಬಂದ ಕರೆಂಟನ್ನೂ ಹೋಲಿಸುತ್ತಿರುತ್ತದೆ. ಎಲ್ಲೋ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಒದ್ದೆ ಕೈ, ಒದ್ದೆ ನಾಯಿ, ಸ್ಟೀಲ್ ಟಬ್, ಒದ್ದೆ ನೆಲ. ಇದಿಲ್ಲದೆ ಆ ಮಳಿಗೆಗೆ ನಾನು ಮೇನ್ ಆನ್ ಮಾಡುವುದಿಲ್ಲ. ಟಬ್‌ಗೂ ಅರ್ಥ್ ಕೊಡುತ್ತೇನೆ. ಹಿಂದಿನ ಖಾಲಿ ಜಾಗದಲ್ಲಿ ಹೊಸ ಅರ್ಥಿಂಗ್ ಗುಂಡಿ ತೆಗೆಸೋಣ. ನಮ್ಮ ಮಣ್ಣು ಬೇಸಿಗೆಯಲ್ಲಿ ಕಾದು ಒಣಗುತ್ತದೆ, ಒಣಮಣ್ಣಿನಲ್ಲಿ ಅರ್ಥ್ ಸರಿಯಾಗಿ ಹಿಡಿಯುವುದಿಲ್ಲ. ಆಗಾಗ ಗುಂಡಿಗೆ ಒಂದು ಬಕೆಟ್ ನೀರು ಹಾಕುವುದು ನಿನ್ನ ಕೆಲಸ. ಬ್ಲೋವರ್ ವೈರು ನೆಲದ ಮೇಲೆ ಹರಿದಾಡಬಾರದು, ಮೇಲಿನಿಂದ ಕೊಕ್ಕೆಗೆ ಇಳಿಬಿಡುತ್ತೇನೆ.

ಬ್ಲೋವರ್ ಇರಲಿ, ಆದರೆ ಪಂಜರದೊಳಗೆ ನಾಯಿ ಕೂರಿಸಿ ಬಿಸಿಗಾಳಿ ಬಿಡುವ ಡ್ರೈಯರ್ ಬೇಡವೇ ಬೇಡ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ ಅಂತ ನೀನೇ ಹೇಳಿದ್ದೆ. ಅದು ನಾಲಿಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಪಗ್, ಶಿಟ್ಜು ಥರದ ಮೊಂಡು ಮೂಗಿನವಕ್ಕೆ ಅದೂ ಕಷ್ಟ. ಕರೆಂಟ್ ಹೋಗಿ ಎಸಿ ನಿಂತರೆ ಸಣ್ಣ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ. ಅದಕ್ಕೆ ಬೇಸಿಗೆಯಲ್ಲಿ ಸ್ನಾನದ ಬುಕಿಂಗ್ ಬೆಳಗ್ಗೆ 10ರ ಒಳಗೆ, ಇಲ್ಲ ಸಂಜೆ. ಮಧ್ಯಾಹ್ನ ಶಟರ್ ಅರ್ಧ ಎಳೆದು ಮನೆಗೆ ಊಟಕ್ಕೆ ಬಾ.

ಮಳಿಗೆ 10 ಅಡಿ ಅಗಲ, 24 ಅಡಿ ಉದ್ದ. ಶಟರ್ ಎತ್ತಿದರೆ ನೇರ ರಸ್ತೆ. ಕೊರಳಪಟ್ಟಿ ಕಳಚಿಕೊಂಡು ಓಡಿದ ನಾಯಿ ನೇರ ಗಾಡಿಗಳ ಮಧ್ಯಕ್ಕೆ ಹೋಗುತ್ತದೆ. ಶಟರಿನಿಂದ 5 ಅಡಿ ಒಳಗೆ ಎದೆಯೆತ್ತರದ ಗ್ರಿಲ್ ಗೇಟು, ತಾನೇ ಮುಚ್ಚಿಕೊಳ್ಳುವಂಥದ್ದು. ಚರಂಡಿ ಹಿಂದೆ ಇರುವುದರಿಂದ ಟಬ್ ಕೊನೆಗೆ. ಅದರ ಮುಂದೆ ಒಣಗಿಸುವ ಜಾಗ, ಗಾಜಿನ ಪಾರ್ಟಿಷನ್ ಹಾಕಿಸಿ ಬೇರೆ ಮಾಡು, ಆ ಸದ್ದಿಗೆ ಮುಂದೆ ಕಾಯುವ ನಾಯಿಗಳೂ ಹೆದರುತ್ತವೆ. ಮಧ್ಯದಲ್ಲಿ ಟೇಬಲ್. ಕಾಯುವ ನಾಯಿಗಳು ಒಂದರ ಮುಖ ಒಂದು ನೋಡದ ಹಾಗೆ ನಡುವೆ ಹಲಗೆ ನಿಲ್ಲಿಸು. ಬೆಕ್ಕಿಗೆ ಬೇರೆ ಜಾಗ ಮಾಡಲು ಆಗುವುದಿಲ್ಲ, ವಾರದಲ್ಲಿ ಒಂದು ದಿನ ಬರೀ ಬೆಕ್ಕಿಗೇ ಇಡು.

ಹೈಡ್ರಾಲಿಕ್ ಟೇಬಲ್ ಬಗ್ಗೆ ನನ್ನ ತಕರಾರಿಲ್ಲ, ಅದು ನಿನ್ನ ಸೊಂಟದ ಪ್ರಶ್ನೆ. ದಿನವಿಡೀ ಬಗ್ಗಿ ಹೊಲಿದವರ ಬೆನ್ನು ಜೀನ್ಸ್ ಯೂನಿಟ್‌ನಲ್ಲಿ ನೋಡಿದ್ದೇನೆ. ಆದರೆ ಟೇಬಲ್‌ನ ಕಂಬಿಗೆ ಕೊರಳ ಕುಣಿಕೆ ಇರುತ್ತದಲ್ಲ, ಅದರಲ್ಲಿ ನಾಯಿ ಇರುವಾಗ ನೀನು ಒಂದು ಹೆಜ್ಜೆಯೂ ಆಚೆ ಹೋಗಬಾರದು. ಜಿಗಿದರೆ ನೇಣಾಗುತ್ತದೆ. ಹೋಗಬಾರದು ಅಂದರೆ ಹೋಗುವ ಅಗತ್ಯವೇ ಬರಬಾರದು. ಬ್ರಷ್, ಬಾಚಣಿಗೆ, ಕತ್ತರಿ, ಉಗುರು ಕಟ್ಟರ್, ಉಗುರಿನಿಂದ ರಕ್ತ ಬಂದರೆ ಹಾಕುವ ಪುಡಿ, ಟವೆಲ್, ಎಲ್ಲವೂ ಒಂದು ಚಕ್ರದ ಟ್ರಾಲಿಯಲ್ಲಿ ಬಲಗೈಗೆ ಸಿಗಬೇಕು. ಎಡಗೈ ನಾಯಿಯ ಮೇಲೇ ಇರಬೇಕು.

ನಿನ್ನ ಟ್ರೈನಿಂಗ್ ಜಾಗಕ್ಕೆ ಬಂದಾಗ ಮೂಲೆಯಲ್ಲಿ ಕೂತು ನೋಡಿದೆನಲ್ಲ, ಆ ದೊಡ್ಡ ಹುಡುಗಿ ಒಂದು ಶಿಟ್ಜುವಿನ ಹೊಟ್ಟೆ ಕೂದಲು ತೆಗೆಯುತ್ತಿದ್ದಳು. ಸ್ವಲ್ಪ ಹೊತ್ತಿಗೊಮ್ಮೆ ಮೆಷಿನ್ ನಿಲ್ಲಿಸಿ ಬ್ಲೇಡನ್ನು ತನ್ನ ಮಣಿಕಟ್ಟಿಗೆ ಒತ್ತಿ ನೋಡುತ್ತಿದ್ದಳು. ಬಿಸಿ ಅನಿಸಿದ ತಕ್ಷಣ ಕಳಚಿ ಒಂದು ತುಂಡು ಟೈಲ್ಸಿನ ಮೇಲೆ ಮಗುಚಿಟ್ಟು, ತಣ್ಣಗಿದ್ದ ಇನ್ನೊಂದನ್ನು ಸಿಕ್ಕಿಸಿದಳು. ನಾಯಿ ಅಲುಗಾಡಲೂ ಇಲ್ಲ. ಆಗಲೇ ಅನಿಸಿತು, ಎರಡು ಕ್ಲಿಪ್ಪರ್‌ಗಿಂತ ಒಂದು ಒಳ್ಳೆಯ ಕ್ಲಿಪ್ಪರ್, ಅದಕ್ಕೆ ಕೂದಲನ್ನು ಗಿಡ್ಡವಾಗಿ ಕತ್ತರಿಸುವ 10 ನಂಬರಿನ ಮೂರು ಬ್ಲೇಡ್ ವಾಸಿ. ಬ್ಲೇಡಿಗೆ ಎಣ್ಣೆ ಬಿಡುವುದನ್ನು ಮರೆಯಬೇಡ. ಟೈಲ್ಸ್ ತುಂಡು ನಮ್ಮ ಮೇಸ್ತ್ರಿಯ ಹತ್ತಿರವೇ ಸಿಗುತ್ತದೆ.

ಫಿನೈಲ್ ತರಬೇಡ, ಅದು ಬೆಕ್ಕಿಗೆ ವಿಷ. ನಾಯಿಮರಿಗಳ ಪ್ರಾಣ ತೆಗೆಯುವ ಪಾರ್ವೊ ವೈರಸ್ ಅದಕ್ಕೆ ಜಗ್ಗುವುದೂ ಇಲ್ಲ. ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ಲೀಟರಿಗೆ 30 ಎಂಎಲ್‌ನಂತೆ ಮನೆಬಳಕೆಯ ಬ್ಲೀಚ್ ಬೆರೆಸಿ ಸವರಿ, 10 ನಿಮಿಷ ಬಿಟ್ಟು, ನೀರಿನಲ್ಲಿ ತೊಳೆ. ಬ್ಲೀಚ್ ಜೊತೆ ಆ್ಯಸಿಡ್ ಯಾವತ್ತೂ ಸೇರಬಾರದು, ಬರುವ ಗಾಳಿ ಪ್ರಾಣಕ್ಕೆ ಅಪಾಯ.

ರೇಬೀಸ್ ಲಸಿಕೆಯ ಕಾರ್ಡ್ ತೋರಿಸದ ನಾಯಿಯನ್ನು ಗೇಟಿನೊಳಗೆ ಬಿಡಬೇಡ, ಪರಿಚಯದವರದ್ದಾದರೂ ಸರಿ. ನೀನೂ ಅಂಗಡಿ ತೆರೆಯುವ ಮೊದಲೇ ಮುಂಜಾಗ್ರತೆಯ ಲಸಿಕೆ ಹಾಕಿಸಿಕೋ. ಆದರೂ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಬೇಕು. ಸಣ್ಣ ಗೀರು ಅಂತ ಸುಮ್ನೆ ಬಿಡಬೇಡ. ಕೂದಲಿನ ಧೂಳಿಗೆ ಮಾಸ್ಕ್ ಹಾಕು, ಎಕ್ಸಾಸ್ಟ್ ಫ್ಯಾನ್ ನಾನು ಕೂರಿಸುತ್ತೇನೆ.

ನಿಮ್ಮವ್ವ ಹಳೆಯ ಟರ್ಕಿ ಟವೆಲ್‌ಗಳನ್ನೆಲ್ಲ ಒಗೆದು ಗಂಟು ಕಟ್ಟಿಟ್ಟಿದ್ದಾಳೆ, ಹೊಸದು ಕೊಳ್ಳಬೇಡ. ಟಬ್‌ನ ಉದ್ದ, ಅಗಲ, ನೀರು ಹೋಗುವ ತೂತು ಯಾವ ಕಡೆ ಇದೆ ಅಂತ ನಾಳೆ ಸಂಜೆಯೊಳಗೆ ಕಳಿಸು. ಸೋಮವಾರ ಪೈಪ್ ಹೂಳುತ್ತಾರೆ.

ನಿನ್ನ ಅಪ್ಪ