ಸೊನ್ನೆ ಬರೆದವರಿಗೆ ಮೊದಲ ನಮಸ್ಕಾರ

2025ರ ಮಾರ್ಚ್ 30, ವಿಶ್ವಾವಸು ಸಂವತ್ಸರದ ಯುಗಾದಿ. ಅಂದು ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಮೊದಲ ಗೆರೆ ಎಳೆದ ಮಳೆ ಲೆಕ್ಕದ ಪುಸ್ತಕಗಳು ಒಂದು ವರ್ಷ ಪೂರೈಸಿವೆ. ಮೈಸೂರಿನ ತಾರಸಿ, ಕಾಂಪೌಂಡುಗಳಲ್ಲಿ, ಮಂಡ್ಯ ಕಡೆಯ ಹಿತ್ತಿಲು, ಹೊಲದ ಬದುಗಳಲ್ಲಿ ಕ್ಯಾನಿನ ಬಾಯಿಗೆ ಆಲಿಕೆ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ನೀರು ಅಳೆದ ಎಲ್ಲರಿಗೂ ಮನಸಾರೆ ವಂದನೆ. ನಮ್ಮ ಕಡೆ ಯುಗಾದಿಗೆ ಹೊನ್ನಾರು ಕಟ್ಟಿ ಹೊಲದಲ್ಲಿ ನಾಲ್ಕು ಸಾಲು ಉತ್ತು ಬರುವ ವಾಡಿಕೆಯಿದೆ. ಅವತ್ತೇ ಇಡೀ ಹೊಲ ಉಳಲು ಯಾರೂ ಹೋಗುವುದಿಲ್ಲ. ಮಳೆ ಅಳೆಯುವ ಈ ಸಂಕಲ್ಪವೂ ಅಷ್ಟೇ ಅಳತೆಯದು: ದಿನಕ್ಕೆ ಮೂರು ನಿಮಿಷ, ಒಂದು ಅಂಕಿ. ವರ್ಷಾರಂಭದ ಸಂಕಲ್ಪಗಳು ಹದಿನೈದು ದಿನಕ್ಕೆ ಬಾಡಿಹೋಗಲು ಸೋಮಾರಿತನಕ್ಕಿಂತ ದೊಡ್ಡ ಕಾರಣ ಅವುಗಳ ಗಾತ್ರ.

ಮೊದಲ ಕೃತಜ್ಞತೆ ಸೊನ್ನೆ ಬರೆದವರಿಗೆ. ಜನವರಿ, ಫೆಬ್ರವರಿಯಲ್ಲಿ ನಮ್ಮ ಸೀಮೆಯಲ್ಲಿ ಮಳೆ ಅಪರೂಪ. ಒಣ ಕ್ಯಾನು ಎತ್ತಿ ನೋಡಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಾರೀಖಿನ ಮುಂದೆ '0' ಹಾಕಿ ಒಳಗೆ ಬರುವುದು ಬೇಸರದ ಕೆಲಸ. ಆದರೂ ಪುಸ್ತಕದ ಬೆಲೆ ನಿಂತಿರುವುದು ಈ ಪುಟಗಳ ಮೇಲೆ. ಪುಟದಲ್ಲಿ ಖಾಲಿ ಬಿಟ್ಟ ಚೌಕಕ್ಕೆ ಎರಡು ಅರ್ಥ ಬರುತ್ತದೆ: ಮಳೆ ಬರಲಿಲ್ಲ, ಅಥವಾ ನೋಡಲಿಲ್ಲ. ಆರು ತಿಂಗಳಾದ ಮೇಲೆ ಅದು ಯಾವುದೆಂದು ಬರೆದವರಿಗೂ ನೆನಪಿರುವುದಿಲ್ಲ. ನೋಡಿದಾಗ ನೀರಿಲ್ಲದಿದ್ದರೆ ಸೊನ್ನೆ, ನೋಡಲಾಗದಿದ್ದರೆ ಅಡ್ಡಗೆರೆ. ಊರಿಗೆ ಹೋಗಿ ಬಂದು ಮೂರು ದಿನದ ನೀರು ಒಟ್ಟಿಗೆ ಸಿಕ್ಕಾಗ ಅದನ್ನು ಮೂರು ಪಾಲು ಮಾಡಿ ಹಂಚದೆ, ಎರಡು ದಿನಕ್ಕೆ ಅಡ್ಡಗೆರೆ ಎಳೆದು, ಮೂರನೆಯ ದಿನಕ್ಕೆ 'ಮೂರು ದಿನದ್ದು' ಎಂದು ಪೂರ್ತಿ ಬರೆದವರಿಗೆ ವಿಶೇಷವಾಗಿ ಕೈಮುಗಿಯುತ್ತೇವೆ. ಹಂಚಿ ಬರೆದಿದ್ದರೆ ಪುಟ ನೋಡಲು ಚೆನ್ನಾಗಿರುತ್ತಿತ್ತು, ಲೆಕ್ಕ ಸುಳ್ಳಾಗುತ್ತಿತ್ತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆದಿನ ಅನ್ನಿಸಿಕೊಳ್ಳಬೇಕಾದರೆ 24 ಗಂಟೆಯಲ್ಲಿ 2.5 ಮಿಲಿಮೀಟರ್ ಆದರೂ ಬರಬೇಕು. ಹಂಚಿದರೆ ಒಂದು ಮಳೆದಿನ ಮೂರಾಗಿಬಿಡುತ್ತದೆ.

ಹಬ್ಬ ಬಂತೆಂದು ಪುಸ್ತಕ ಮುಚ್ಚದೆ ಎಳೆದವರಿಗೂ ಒಂದು ಮಾತು. 2026ರ ಯುಗಾದಿ ಮಾರ್ಚ್ 19ಕ್ಕೇ ಬಂತು. ಹಬ್ಬದಿಂದ ಹಬ್ಬಕ್ಕೆ ಎಣಿಸಿದರೆ 354 ದಿನ. ಈಗ ಶುರುವಾಗಿರುವ ಪರಾಭವ ಸಂವತ್ಸರದಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 384 ದಿನ. ಎರಡು ಸಂವತ್ಸರಗಳ ಮೊತ್ತ ಪಕ್ಕಪಕ್ಕ ಇಟ್ಟು 'ಈ ಸಲ ಮಳೆ ಜಾಸ್ತಿ' ಎಂದುಬಿಟ್ಟರೆ ಅಲ್ಲೇ ಮೂವತ್ತು ದಿನದ ಮೋಸ. ಮಾರ್ಚ್ 29ರವರೆಗೆ ಬರೆದು 365 ತುಂಬಿಸಿದ್ದರಿಂದ ಮುಂದಿನ ವರ್ಷದ ಜೊತೆ ಇದನ್ನು ಹೋಲಿಸಬಹುದು.

ಇನ್ನು ಸಾಮಾನು ಹೊಂದಿಸಿಕೊಟ್ಟವರು. ಅಂಗಡಿಯಲ್ಲಿ ಹತ್ತು ಆಲಿಕೆ ಕೆಳಗಿಳಿಸಿ, ಸ್ಕೇಲು ಹಿಡಿದು ಬಾಯಿ ಅಳೆಯಲು ಬಿಟ್ಟ ಅಂಗಡಿಯವರಿಗೆ ದೊಡ್ಡ ಉಪಕಾರ. ಕಾರಣ ಇದು: ಬಾಯಿಯ ಒಳವ್ಯಾಸ 16 ಸೆಂಟಿಮೀಟರ್ ಇದ್ದರೆ ವಿಸ್ತೀರ್ಣ ಸುಮಾರು 201 ಚದರ ಸೆಂ.ಮೀ. ಆಗ 1 ಮಿ.ಮೀ. ಮಳೆಗೆ ಕ್ಯಾನಿನಲ್ಲಿ 20 ಮಿ.ಲೀ. ನೀರು. ಹವಾಮಾನ ಇಲಾಖೆಯ ಮಳೆಮಾಪಕಗಳಲ್ಲೂ 200 ಚದರ ಸೆಂ.ಮೀ. ಬಾಯಿಯವು ಇವೆ. ನೀರು ಒಂದು ಮಿ.ಲೀ.ಗೆ ಒಂದು ಗ್ರಾಂ ತೂಗುವುದರಿಂದ ಅಡುಗೆಮನೆಯ ತೂಕದ ಯಂತ್ರವೇ ಸಾಕು. ಕ್ಯಾನಿನ ತೂಕ ಕಳೆದು 346 ಗ್ರಾಂ ಬಂದರೆ ಇಪ್ಪತ್ತರಿಂದ ಭಾಗಿಸಿ, 17.3 ಮಿ.ಮೀ. ಬಾಯಿ 15 ಸೆಂ.ಮೀ. ಇದ್ದು, ಅದನ್ನು 16 ಎಂದುಕೊಂಡು ಭಾಗಿಸಿದರೆ ವರ್ಷಪೂರ್ತಿ ನೂರಕ್ಕೆ ಹನ್ನೆರಡರಷ್ಟು ಮಳೆ ಕಡಿಮೆ ಬೀಳುತ್ತದೆ. ಒಂದು ಸೆಂಟಿಮೀಟರಿನ ಅಜಾಗರೂಕತೆ ಅಷ್ಟು ತಿನ್ನುತ್ತದೆ. ಅಂಚಿನ ಹೊರಗಿನಿಂದ ಅಳೆದವರೂ ಇದೇ ತಪ್ಪಿನ ಇನ್ನೊಂದು ಮಗ್ಗುಲಲ್ಲಿ ಸಿಕ್ಕಿಬಿದ್ದರು.

ಕ್ಯಾನು 5 ಲೀಟರಿನದೇ ಆಗಬೇಕೆಂದು ಪಟ್ಟು ಹಿಡಿದವರು ಸರಿಯಿದ್ದರು. ಎರಡು ಲೀಟರಿನ ಬಾಟಲಿ 100 ಮಿ.ಮೀ.ಗೆ ತುಂಬಿಬಿಡುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ. ವರ್ಷಕ್ಕೊಮ್ಮೆಯೂ ಬಾರದಿರಬಹುದಾದ ಅಂಥ ರಾತ್ರಿಯಲ್ಲೇ ಬಾಟಲಿ ತುಂಬಿ ಹರಿದರೆ ಮುಖ್ಯವಾದ ಅಂಕಿಯೇ ಹೋಯಿತು. ಕ್ಯಾನನ್ನು ಹಳೆಯ ಬಕೆಟ್ಟಿನೊಳಗೆ ಇಳಿಸಿಟ್ಟವರಿಗೆ ಎರಡು ಲಾಭವಾಯಿತು: ಉಕ್ಕಿದ ನೀರೂ ಸಿಕ್ಕಿತು, ಬಿಸಿಲು ನೇರವಾಗಿ ತಾಗದೆ ಆವಿಯಾಗುವುದೂ ಕಡಿಮೆಯಾಯಿತು. ಬಕೆಟ್ಟಿನ ಬಾಯಿಯನ್ನು ಆಲಿಕೆಯ ಸುತ್ತ ಮುಚ್ಚಿರಬೇಕು, ಇಲ್ಲದಿದ್ದರೆ ಅದರೊಳಗೂ ಮಳೆ ಬಿದ್ದು ಲೆಕ್ಕ ಕೆಡುತ್ತದೆ.

ತಪ್ಪುಗಳನ್ನು ಮುಚ್ಚಿಡದೆ ಹೇಳಿದವರಿಂದ ಕಲಿತದ್ದು ಬಹಳ. ಹೊಂಗೆ ಹೂ ಅವುಗಳಲ್ಲಿ ಮೊದಲನೆಯದು. ಏಪ್ರಿಲ್, ಮೇ ತಿಂಗಳಲ್ಲಿ ಹೊಂಗೆ ಮರ ಅಕ್ಕಿ ಚೆಲ್ಲಿದ ಹಾಗೆ ಹೂ ಉದುರಿಸುತ್ತದೆ, ಗುಡುಗು ಮಳೆ ಬರುವುದೂ ಆಗಲೇ. ನೆನೆದ ಹೂ ಆಲಿಕೆಯ ಕೊರಳಿನಲ್ಲಿ ಮುದ್ದೆಯಾಗಿ ಕೂತರೆ ನೀರು ಮೇಲೇ ನಿಂತು ಅಂಚಿನಿಂದ ಚೆಲ್ಲಿಹೋಗುತ್ತದೆ. ಸೊಳ್ಳೆ ಪರದೆಯ ತುಂಡನ್ನು ಬಾಯಿಗೆ ಬಿಗಿದು ಕಟ್ಟಿದವರಿಗೆ ಬೇರೆ ತೊಂದರೆಯಾಯಿತು. ಬಿಗಿದ ಪರದೆಗೆ ಬಡಿದ ಹನಿ ಸಿಡಿದು ಹೊರಗೆ ಹೋಗುತ್ತದೆ. ಪರದೆಯನ್ನು ಉಂಡೆಯಾಗಿ ಸಡಿಲವಾಗಿ ಸುತ್ತಿ ಕೊರಳಿಗೇ ಇಳಿಸಿದ ಉಪಾಯ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಅದನ್ನು ಎತ್ತಿ ಒದರಿ ಮತ್ತೆ ಇಟ್ಟರಾಯಿತು.

ಜಾಗದ ವಿಷಯ ಇನ್ನೂ ಕಷ್ಟದ್ದು. ಪಕ್ಕದ ಗೋಡೆ ಅಥವಾ ಮರ ಆಲಿಕೆಯ ಬಾಯಿಗಿಂತ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಬೇಕು. 30-40 ಸೈಟಿನಲ್ಲಿ ನಲವತ್ತು ಅಡಿ ತೆಂಗಿನಿಂದ ಎಂಬತ್ತು ಅಡಿ ದೂರ ಹೋಗುವುದು ಎಲ್ಲಿಗೆ? ತಾರಸಿಗೆ ಹತ್ತಿಸಿದರೆ ಗಾಳಿ ಹನಿಗಳನ್ನು ಬಾಯಿಯ ಮೇಲಿಂದ ಹಾರಿಸಿಕೊಂಡು ಹೋಗುತ್ತದೆ. ಸಿಮೆಂಟು ನೆಲದ ಮೇಲೆ ತಗ್ಗಾಗಿಟ್ಟರೆ ನೆಲದಿಂದ ಸಿಡಿದ ಹನಿ ಒಳಗೆ ಬರುತ್ತದೆ. ಅದಕ್ಕೇ ಬಾಯಿ ನೆಲದಿಂದ ಒಂದು ಅಡಿಯಾದರೂ ಮೇಲಿರಬೇಕು, ಕೆಳಗೆ ಹುಲ್ಲೋ ಜಲ್ಲಿಯೋ ಇದ್ದರೆ ಒಳ್ಳೆಯದು. ಪೂರ್ತಿ ಸರಿಯಾದ ಜಾಗ ಸಿಗದವರು ಪುಸ್ತಕದ ಒಳರಟ್ಟಿನ ಮೇಲೆ 'ಪೂರ್ವಕ್ಕೆ 12 ಅಡಿ ದೂರದಲ್ಲಿ ತೆಂಗು, ಪಶ್ಚಿಮಕ್ಕೆ ನೀರಿನ ಟ್ಯಾಂಕು' ಎಂದು ನಕ್ಷೆ ಬರೆದಿಟ್ಟರು. ಅದು ಪ್ರಾಮಾಣಿಕತೆ. ಕೊರತೆಯಿರುವ ಜಾಗವೂ ಬದಲಾಗದೆ ಇದ್ದರೆ ತನ್ನೊಂದಿಗೆ ತಾನು ಹೋಲಿಸಿಕೊಳ್ಳಲು ಯೋಗ್ಯವೇ. ಮಳೆಗಾಲದ ನಡುವೆ ಆಲಿಕೆಯನ್ನು ಅಲ್ಲಿಂದ ಇಲ್ಲಿಗೆ ಸರಿಸುವುದು ಮಾತ್ರ ಬೇಡ.

ನಮ್ಮ ಹಿರಿಯರಿಗೆ, ಅದರಲ್ಲೂ ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಮಳೆಯಾಶ್ರಿತ ರೈತರಿಗೆ ಎಷ್ಟು ಹೇಳಿದರೂ ಸಾಲದು. ಮಳೆ ನಕ್ಷತ್ರದ ಗಾದೆಗಳನ್ನು ಅವರು ಬರೆಸಿದ್ದು ಮಾತ್ರವಲ್ಲ, ಒರೆಗೆ ಹಚ್ಚಲೂ ಬಿಟ್ಟರು. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬುದಕ್ಕೆ ಅವರು ಕೊಟ್ಟ ಕಾರಣ ಮಣ್ಣಿನಿಂದ ಬಂದದ್ದು: ಏಪ್ರಿಲ್ ಕೊನೆಯ ಮಳೆಗೆ ಹೊಲ ಹದವಾದರೆ ಎಳ್ಳು, ಅಲಸಂದೆ, ಹೆಸರು ಬಿತ್ತಬಹುದು, ಅವು ಕೈಗೆ ಬಂದ ಮೇಲೂ ರಾಗಿಗೆ ಕಾಲ ಉಳಿಯುತ್ತದೆ. ಹದ ಎಂದರೆ ಎಷ್ಟು ಮಿಲಿಮೀಟರ್ ಎಂದು ಕೇಳಿದಾಗ ಗುದ್ದಲಿಯಿಂದ ಅಗೆದು ಎಷ್ಟು ಆಳ ನೆನೆದಿದೆ ಎಂದು ತೋರಿಸಿದರು. ಒಣಗಿದ ಕೆಂಪು ಮಣ್ಣಿನಲ್ಲಿ 25 ಮಿ.ಮೀ. ಮಳೆ ಹೆಚ್ಚುಕಡಿಮೆ ಒಂದು ಗೇಣು ಇಳಿಯುತ್ತದೆ, ಅದೂ ಹರಿದುಹೋಗದಂತೆ ನಿಧಾನವಾಗಿ ಬಂದರೆ. ಎಕರೆಗೆ ಲೆಕ್ಕ ಹಾಕಿದರೆ ಅದು ಒಂದು ಲಕ್ಷ ಲೀಟರ್ ನೀರು.

'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎಂಬ ಗಾದೆಯ ಮೇಲೆ ಬಂದ ತಕರಾರು ನಮಗೆ ಬಹಳ ಹಿಡಿಸಿತು. ಇದು ಜೋಳದ ನಾಡಿನ ಮಾತು, ಉತ್ತರ ಕರ್ನಾಟಕದ್ದು. ರಾಗಿ ಬೆಳೆಯುವ ನಮ್ಮ ಹೊಲಕ್ಕೆ ಅದನ್ನು ಹಾಗೇ ಅನ್ವಯಿಸಿ 'ಸುಳ್ಳಾಯಿತು' ಅನ್ನುವುದೂ ತಪ್ಪು, 'ನಿಜವಾಯಿತು' ಅನ್ನುವುದೂ ತಪ್ಪು. ಪಂಚಾಂಗ ಬಲ್ಲವರೊಬ್ಬರು ಇನ್ನೊಂದು ಸೂಕ್ಷ್ಮ ತೋರಿಸಿಕೊಟ್ಟರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸುಮಾರು ಹದಿಮೂರೂವರೆ ದಿನ ಇರುತ್ತಾನೆ. ಆದರೆ ಅಯನಚಲನೆಯಿಂದ, ಅಂದರೆ ಭೂಮಿಯ ಅಕ್ಷ ಬಹಳ ನಿಧಾನವಾಗಿ ದಿಕ್ಕು ಬದಲಿಸುವುದರಿಂದ, ಈ ನಕ್ಷತ್ರ ಪ್ರವೇಶ ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತದೆ. ಗಾದೆ ಐನೂರು ವರ್ಷ ಹಳೆಯದಾದರೆ ಅಂದಿನ ರೋಹಿಣಿ ಇಂದಿಗಿಂತ ಒಂದು ವಾರ ಮೊದಲೇ ಹಿಡಿಯುತ್ತಿತ್ತು. ಗಾದೆಯನ್ನು ಗೌರವಿಸುವುದೆಂದರೆ ಅದು ಎಲ್ಲಿನದು, ಯಾವ ಬೆಳೆಯದು, ಯಾವ ಕಾಲದ್ದು ಎಂದು ಕೇಳುವುದು.

ಒರೆಗೆ ಹಚ್ಚುವ ಮೊದಲೇ ಶರತ್ತು ಬರೆದಿಟ್ಟದ್ದು ಒಳ್ಳೆಯದಾಯಿತು. 'ಆರಿದ್ರಾ ಮಳೆ ಆರದೆ ಹುಯ್ಯುತ್ತದೆ' ಅಂದರೆ ಎಷ್ಟು? ಜೂನ್ 22ರ ಸುಮಾರಿನಿಂದ ಜುಲೈ ಮೊದಲ ವಾರದವರೆಗೆ ಎಷ್ಟು ಮಳೆದಿನ ಬಂದರೆ ಒಪ್ಪುವುದು, ಎಷ್ಟಕ್ಕೆ ಇಲ್ಲ? ಇದನ್ನು ಮೊದಲೇ ಗೊತ್ತುಮಾಡದಿದ್ದರೆ ಎರಡು ಹನಿಗೂ 'ನೋಡಿ, ಹುಯ್ತಲ್ಲ' ಅಂದುಬಿಡುತ್ತೇವೆ. ಹಿಂದುಮುಂದಿನ ಮೃಗಶಿರಾ, ಪುನರ್ವಸುವಿನ ಜೊತೆಗೂ ಹೋಲಿಸಬೇಕು. ಚಿತ್ತೆಯಲ್ಲಿ ಮಳೆ ಬರುತ್ತದೆ ಎಂದು ಯಾರು ಹೇಳಿದರೂ ನಮ್ಮ ಕಡೆ ಅದು ನಿಜವಾಗುವುದೇ ಹೆಚ್ಚು, ಏಕೆಂದರೆ ಅಕ್ಟೋಬರ್ ನಮಗೆ ಮೊದಲೇ ಮಳೆಯ ತಿಂಗಳು. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಮೈಸೂರು, ಮಂಡ್ಯಕ್ಕೆ ಜುಲೈಗಿಂತ ಮೇ ತಿಂಗಳ ಗುಡುಗು ಮಳೆ, ಸೆಪ್ಟೆಂಬರ್-ಅಕ್ಟೋಬರಿನ ಮಳೆಯೇ ದೊಡ್ಡದು. ಒಂದು ವರ್ಷದ ಪುಸ್ತಕ ಯಾವ ಗಾದೆಯನ್ನೂ ಗೆಲ್ಲಿಸುವುದಿಲ್ಲ, ಸೋಲಿಸುವುದೂ ಇಲ್ಲ. ಇದನ್ನು ತಾವಾಗಿಯೇ ಹೇಳಿ, ತೀರ್ಪು ಕೊಡಲು ಒಪ್ಪದೆ ಕೂತವರು ಈ ಕೆಲಸದ ಮರ್ಯಾದೆ ಉಳಿಸಿದರು.

ಇದೇ ಮಾತು ಕನ್ನಂಬಾಡಿಗೂ. ಅಣೆಕಟ್ಟೆಯ ಮಟ್ಟ 124.80 ಅಡಿ ಮುಟ್ಟಿತೆಂದು ಸುದ್ದಿ ಬಂದ ದಿನ ನಮ್ಮ ಕ್ಯಾನಿನಲ್ಲಿ ಸೊನ್ನೆ ಇದ್ದರೆ ಅಳತೆ ತಪ್ಪಿತೆಂದಲ್ಲ. ಕಟ್ಟೆ ತುಂಬಿಸುವುದು ಕೊಡಗಿನ ಮಳೆ ಮತ್ತು ಹೇಮಾವತಿ, ಲಕ್ಷ್ಮಣತೀರ್ಥದ ನೀರು. ಮದ್ದೂರು, ಮಳವಳ್ಳಿಯ ನಾಲೆ ಬಯಲಿಗೆ ಆ ಮಟ್ಟವೇ ಜೀವ. ನಾಲೆ ತಲುಪದ ಹೊಲಕ್ಕೆ ನೆತ್ತಿಯ ಮೇಲೆ ಬಿದ್ದದ್ದಷ್ಟೇ. ಎರಡನ್ನೂ ಬೇರೆ ಬೇರೆ ಕಂಬಸಾಲಿನಲ್ಲಿ ಬರೆದವರ ಪುಸ್ತಕ ಓದಲು ಖುಷಿ. 'ನಾಳೆ ಭಾರಿ ಮಳೆ' ಎಂದು ಮೊಬೈಲಿನಲ್ಲಿ ತಿರುಗುವ ಸಂದೇಶವನ್ನು ಮುಂದಕ್ಕೆ ತಳ್ಳದೆ, ತಾರೀಖು ಹಾಕಿ ಪುಸ್ತಕದಲ್ಲಿ ನಕಲು ಮಾಡಿ, ಮರುದಿನ ಪಕ್ಕದಲ್ಲಿ ಅಳತೆ ಬರೆದವರಿಂದ ನಾವೂ ಆ ಅಭ್ಯಾಸ ಕಲಿಯುತ್ತಿದ್ದೇವೆ. ಜಿಲ್ಲೆಗೆ ಕೊಟ್ಟ ಮುನ್ಸೂಚನೆಯನ್ನು ಒಂದು ತಾರಸಿಯ ನೀರಿನಿಂದ ಸುಳ್ಳು ಮಾಡಲಾಗದು ಎಂಬುದೂ ಅದೇ ಪುಟಗಳಲ್ಲಿ ಕಂಡಿತು. ಮೇ ತಿಂಗಳ ಗುಡುಗು ಮೋಡ ಕುವೆಂಪುನಗರ ತೋಯಿಸಿ ವಿಜಯನಗರ ಬಿಟ್ಟು ಹೋಗಬಲ್ಲದು. ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟು ಅಂಕಿ ಒದಗಿಸುವ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕೃತಜ್ಞತೆ. ಮನೆಯ ಅಂಕಿಗೆ ಪಕ್ಕದಲ್ಲಿಟ್ಟು ನೋಡಲು ಒಂದು ಕನ್ನಡಿ ಬೇಕಿತ್ತು.

ಮನೆಯವರನ್ನು ಕೊನೆಗೆ ಉಳಿಸಿಕೊಂಡಿದ್ದೇವೆ. ದೋಸೆ ಹೆಂಚು ಒಲೆಯ ಮೇಲಿರುವಾಗಲೇ ತೂಕದ ಯಂತ್ರ ಬಿಟ್ಟುಕೊಟ್ಟ ಅಮ್ಮಂದಿರು, ಅಳೆಯುವವರು ಊರಲ್ಲಿ ಇಲ್ಲದಾಗ ಕ್ಯಾನು ಹಿಡಿದ ಅಜ್ಜಂದಿರು, ಶಾಲೆಗೆ ಹೊರಡುವ ಮೊದಲು 'ಊಹೆ' ಕಾಲಮ್ಮಿನಲ್ಲಿ ತಮ್ಮ ಅಂಕಿ ಬರೆದಿಟ್ಟ ಮಕ್ಕಳು. ಆ ಊಹೆ ಕಾಲಮ್ಮು ನಮ್ಮ ಯೋಜನೆಯಲ್ಲಿ ಇರಲೇ ಇಲ್ಲ, ಮಕ್ಕಳು ಸೇರಿಸಿದ್ದು. ಅಳೆಯುವ ಮುಂಚೆ ಊಹೆ ಬರೆದು, ಆಮೇಲೆ ಅದನ್ನು ತಿದ್ದದಿದ್ದರೆ ಕಿವಿ ಹೇಗೆ ಮೋಸ ಮಾಡುತ್ತದೆ ಎಂಬುದು ತಿಂಗಳೊಳಗೆ ಗೊತ್ತಾಗುತ್ತದೆ. ಶೀಟಿನ ಮೇಲೆ ಹತ್ತು ನಿಮಿಷ ಅಬ್ಬರಿಸಿದ್ದಕ್ಕೆ ಜಾಸ್ತಿ ಬರೆಯುತ್ತೇವೆ, ರಾತ್ರಿಯಿಡೀ ಸದ್ದಿಲ್ಲದೆ ಹಿಡಿದ ಸೋನೆಗೆ ಕಡಿಮೆ.

ಅಶ್ವಿನಿ ಏಪ್ರಿಲ್ 14ಕ್ಕೆ ಹಿಡಿಯುತ್ತದೆ. ಅಷ್ಟರೊಳಗೆ ಆಲಿಕೆಯ ಅಂಚು ಬಿಸಿಲಿಗೆ ಸೊಟ್ಟಗಾಗಿದೆಯೇ ನೋಡಿ, ಒಳವ್ಯಾಸವನ್ನು ಎರಡು ದಿಕ್ಕಿನಿಂದ ಮತ್ತೆ ಅಳೆಯಿರಿ. ಎರಡೂ ಒಂದೇ ಬರದಿದ್ದರೆ ಹೊಸದು ತನ್ನಿ. ಹಳೆಯ ಆಲಿಕೆಯನ್ನು ಒಂದು ವಾರ ಹೊಸದರ ಪಕ್ಕದಲ್ಲೇ ಇಡಿ, ಎರಡರ ಅಂಕಿಯನ್ನೂ ಬರೆಯಿರಿ. ಹೊಂಗೆ ಈಗಾಗಲೇ ಚಿಗುರಿದೆ.