ತೇಲುವ ಹುಳುವಿಗೆ ಹುಂಜದ ಗರಿಯೇ ಬೇಕು

ಮಾನ್ಯ ಸಂಪಾದಕರೇ,

ಟ್ರೌಟ್ ಮೀನು ಹಿಡಿಯಲು ಕೃತಕ ಮೇಫ್ಲೈ (ಹೊಳೆಯ ಮೇಲೆ ಹಾರಾಡುವ ಸಣ್ಣ ಹುಳುವಿನಂತೆ ಕಾಣಲು ಗಾಳಕ್ಕೆ ಗರಿ ಸುತ್ತಿ ಮಾಡುವ ನಕಲು) ಕಟ್ಟುವ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಬರಹದಲ್ಲಿ, ಯಾವ ಕೋಳಿಯ ಗರಿಯಾದರೂ ನಡೆಯುತ್ತದೆ ಎಂದಿರುವುದು ಸರಿಯಲ್ಲ. ಹೇಂಟೆಯ ಗರಿ ಮೆತ್ತಗಿದ್ದು ನೀರು ಹೀರಿ ಮುಳುಗುತ್ತದೆ. ತೇಲಬೇಕಾದ ಹುಳುವಿಗೆ ಹುಂಜದ ಕುತ್ತಿಗೆಯ ಬಿರುಸಾದ ಗರಿಯನ್ನು ತೆಳು ತಂತಿಯ ಗಾಳದ ಕಣ್ಣಿನ (ದಾರ ಕಟ್ಟುವ ತೂತಿನ) ಹಿಂದೆ ನಾಲ್ಕೈದು ಸುತ್ತು ಬಿಗಿದಾಗ, ಎಳೆಗಳು ಸುತ್ತಲೂ ಕೆದರಿ ನಿಂತು, ಅವುಗಳ ತುದಿ ಮತ್ತು ಕೃತಕ ಹುಳುವಿನ ಬಾಲದ ಆಧಾರದಲ್ಲಿ ಗಾಳವು ನೀರಿನ ಮೇಲೆ ನಿಲ್ಲುತ್ತದೆ. 1922ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಮೊದಲು ಕಟ್ಟಲಾದ ‘ಆಡಮ್ಸ್’ ಮಾದರಿಯಲ್ಲಿ ಕಂದು ಗರಿ ಮತ್ತು ಬೂದು ಪಟ್ಟೆಯ ಗರಿ ಎರಡನ್ನೂ ಜೊತೆಯಾಗಿ ಸುತ್ತುತ್ತಾರೆ.

ತುಂಗಭದ್ರೆಯ ಬೆಚ್ಚನೆಯ ನೀರಿನಲ್ಲಿ ಟ್ರೌಟ್ ಬದುಕುವುದಿಲ್ಲವೆಂಬುದು ನಿಜ. ನಾನು ಇಲ್ಲಿ ಕಟ್ಟಿದ್ದು ನೀಲಗಿರಿಯ ತಂಪು ಹೊಳೆಗಳಿಗೆ ಹೋಗುತ್ತದೆ. ಸಂತೆಯ ಕೋಳಿ ಅಂಗಡಿಯವರು ಜವಾರಿ ಹುಂಜದ ಕುತ್ತಿಗೆಯ ಚರ್ಮವನ್ನು ಪುಕ್ಕಟೆ ಕೊಡುತ್ತಾರೆ (ಅದನ್ನು ಉಪ್ಪು ಸವರಿ ಒಣಗಿಸುವ ವಾಸನೆಗೆ ಮನೆಯವರು ಮೂಗು ಮುರಿಯುತ್ತಾರೆ). ಕಟ್ಟಿದ್ದನ್ನು ಒಂದು ಲೋಟ ನೀರಿನಲ್ಲಿ ಬಿಟ್ಟು ನೋಡಿದರೆ, ಯಾವ ಗರಿ ತೇಲುತ್ತದೆ, ಯಾವುದು ಮುಳುಗುತ್ತದೆ ಎಂಬುದು ಕೂಡಲೇ ತಿಳಿಯುತ್ತದೆ. ಈ ತಿದ್ದುಪಡಿಯನ್ನು ದಯವಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ.

ಓದುಗ, ಮುನಿರಾಬಾದ್, ಕೊಪ್ಪಳ ಜಿಲ್ಲೆ