ಸರ್ವರ್ ಕೋಣೆಗೆ ಬಂದ ಪತ್ತೇದಾರ

ಮಾನ್ಯ ಸಂಪಾದಕರೇ,

ತಂತ್ರಜ್ಞಾನ ಕಂಪನಿಗಳ ಒಳಜಗತ್ತನ್ನು ಹಿನ್ನೆಲೆಯಾಗಿಟ್ಟುಕೊಂಡ ಪತ್ತೇದಾರಿ ಕಾದಂಬರಿಗಳಲ್ಲಿ ಹಲವು, ನಾಯಕನಿಗೊಂದು ಮಾಸಿದ ಕೋಟು, ಮದ್ಯದ ಚಟ ಮತ್ತು ಒರಟು ಮಾತು ಕೊಟ್ಟರೆ ‘ಹಾರ್ಡ್‌ಬಾಯಿಲ್ಡ್’ ಎಂಬ, ಅಪರಾಧಲೋಕವನ್ನು ಭಾವುಕತೆಯಿಲ್ಲದೆ ಹಸಿಯಾಗಿ ಚಿತ್ರಿಸುವ ಪತ್ತೇದಾರಿ ಕಥೆಯ ಪ್ರಕಾರ ಕೈಗೂಡಿತೆಂದು ಭಾವಿಸಿದಂತಿದೆ. 1920ರ ದಶಕದಲ್ಲಿ ಅಮೆರಿಕದ ಅಗ್ಗದ ಕಥಾಪತ್ರಿಕೆಗಳಲ್ಲಿ ಬೆಳೆದ ಈ ಪ್ರಕಾರದ ಶಕ್ತಿಯಿದ್ದದ್ದು ವೇಷದಲ್ಲಲ್ಲ, ಹಣ ಮತ್ತು ಅಧಿಕಾರ ಹೇಗೆ ಕೆಲಸ ಮಾಡುತ್ತವೆಂಬ ಅರಿವಿನಲ್ಲಿ. ಈ ಪ್ರಕಾರದ ಪ್ರಮುಖ ಲೇಖಕರಲ್ಲಿ ಡ್ಯಾಶಿಯಲ್ ಹ್ಯಾಮೆಟ್ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದವರು. ಇನ್ನೊಬ್ಬರಾದ ರೇಮಂಡ್ ಚಾಂಡ್ಲರ್ 1932ರಲ್ಲಿ ಕೆಲಸ ಕಳೆದುಕೊಳ್ಳುವವರೆಗೆ ತೈಲ ಕಂಪನಿಯ ಉನ್ನತಾಧಿಕಾರಿಯಾಗಿದ್ದವರು.

ಸಾಫ್ಟ್‌ವೇರ್ ಉದ್ಯಮ ಇಂಥ ಕಥೆಗೆ ಹೇಳಿ ಮಾಡಿಸಿದ ನೆಲ. ಅಳಿಸಿದ ಕಡತದ ದತ್ತಾಂಶ, ಅದೇ ಜಾಗದಲ್ಲಿ ಬೇರೇನನ್ನಾದರೂ ಬರೆಯುವವರೆಗೆ, ಹಾರ್ಡ್‌ಡಿಸ್ಕಿನಲ್ಲಿ ಉಳಿದಿರಬಹುದು. ಸರ್ವರಿನ ಲಾಗ್, ಅಂದರೆ ಚಟುವಟಿಕೆಗಳು ತಾನಾಗಿ ದಾಖಲಾಗುವ ಕಡತ, ಯಾವ ಖಾತೆಯಿಂದ ಎಷ್ಟು ಹೊತ್ತಿಗೆ ಯಾರೋ ಒಳಹೊಕ್ಕರೆಂದು ತಿಳಿಸುತ್ತದೆಯೇ ಹೊರತು, ಕೀಲಿಮಣೆಯ ಮುಂದೆ ಕುಳಿತಿದ್ದವರು ಯಾರೆಂದು ತಿಳಿಸುವುದಿಲ್ಲ. ಖಾತೆಗೂ ಮನುಷ್ಯನಿಗೂ ನಡುವಿನ ಈ ಅಂತರವೇ ಪತ್ತೇದಾರನ ಹೊಸ ಕತ್ತಲ ಗಲ್ಲಿ. ಸಾಕ್ಷಿಯ ಬಾಯಿ ಕಟ್ಟಲು ಪಿಸ್ತೂಲೂ ಬೇಕಿಲ್ಲ, ನೌಕರಿ ಬಿಡುವಾಗ ಸಹಿ ಹಾಕಿಸಿಕೊಂಡ ಗೋಪ್ಯತಾ ಒಪ್ಪಂದ ಸಾಕು. ಕೆಲಸದಲ್ಲಿ ಉಳಿದರಷ್ಟೇ ಸಿಗುವ ಕಂಪನಿಯ ಷೇರುಗಳು ಪೂರ್ತಿ ಕೈಸೇರಲು ಇನ್ನಾರು ತಿಂಗಳಿರುವ ಉದ್ಯೋಗಿ ಕಣ್ಣೆದುರಿನ ವಂಚನೆಗೆ ಏಕೆ ಮೌನವಾಗಿರುತ್ತಾನೆಂಬುದನ್ನು ವಿವರಿಸಲು ಖಳನಾಯಕನ ಅಗತ್ಯವೇ ಬೀಳದು.

ಇಷ್ಟೆಲ್ಲ ಇದ್ದರೂ ನಮ್ಮ ಲೇಖಕರು ಕೊನೆಯ ಅಧ್ಯಾಯದಲ್ಲಿ ಹತ್ತು ಸೆಕೆಂಡುಗಳಲ್ಲಿ ಪಾಸ್‌ವರ್ಡ್ ಮುರಿಯುವ ಮಾಂತ್ರಿಕ ಹ್ಯಾಕರನನ್ನೇ ಕರೆತರುತ್ತಾರೆ. ತಮ್ಮ ಪುರವಣಿಯ ವಿಮರ್ಶಕರು ಕಥೆಯ ವೇಗವನ್ನು ಹೊಗಳುವ ಮುನ್ನ ಈ ಸಡಿಲ ಕೊಂಡಿಗಳನ್ನೂ ಗುರುತಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ